ಖಾಲಿ ಕರೆ

ಜರಡಿ ಬಂದ ಹೊಸದರಲ್ಲಿ ಜನ ಅದನ್ನು ಹೊಗಳಿದ್ದೇ ಹೊಗಳಿದ್ದು. ಮನುಷ್ಯನ ದನಿಯನ್ನು ಉಳಿದೆಲ್ಲ ಸದ್ದಿನಿಂದ ಬೇರೆ ಮಾಡಿ, ಇದು ಇಂಥವರದೇ ಎಂದು ಗುರುತು ಹಿಡಿಯುವ ಯಂತ್ರ ಅದು. ನಾಡಿನ ಅಷ್ಟೂ ಫೋನಿನ ಮಾತು ಅದರೊಳಗಿಂದಲೇ ಸೋಸಿ ಬರಬೇಕು. ಒಬ್ಬರ ದನಿ ನಕಲು ಮಾಡಿ ಇನ್ನೊಬ್ಬರು ಮೋಸ ಮಾಡುವ ಕಾಟ ಅದರಿಂದ ನಿಂತಿತು. ನಿಂತ ಮೇಲೆ ಎಲ್ಲ ಕೆಲಸಕ್ಕೂ ದನಿಯೇ ಸಾಕೆಂದಾಯಿತು. ಬ್ಯಾಂಕಿನಲ್ಲಿ ಸಹಿ ಬೇಡ, ಬಸ್ಸಿನಲ್ಲಿ ಟಿಕೆಟ್ ಬೇಡ, ರೇಶನ್ ಅಂಗಡಿಯಲ್ಲಿ ಹೆಬ್ಬೆಟ್ಟು ಬೇಡ. ಬಾಯಿ ಬಿಟ್ಟು ಹೆಸರು ಹೇಳಿದರೆ ಮುಗಿಯಿತು. ಫೋನಿನ ಗುಂಡಿ, ಗಾಜು ಎಲ್ಲ ಮಾಯವಾಗಿ ಕಿವಿಯಲ್ಲಿ ಕಡಲೆಕಾಳಿನಷ್ಟು ಒಂದು ಮಣಿ ಉಳಿಯಿತು.

ಸರ್ಕಾರ ಸುಮ್ಮನೆ ಕೂರಲಿಲ್ಲ, ಜರಡಿಗೆ ಇನ್ನೆರಡು ಕೆಲಸ ಹಚ್ಚಿತು. ತುರ್ತು ಕರೆ ಕೇಂದ್ರಗಳಲ್ಲಿ ಕೂತು ಮಾತಾಡುವವರ ದನಿಗಳನ್ನೆಲ್ಲ ಸೋಸಿ ಒಂದೇ ದನಿ ಮಾಡುವುದು ಮೊದಲನೆಯದು. ಹುಬ್ಬಳ್ಳಿಯ ಕೇಂದ್ರಕ್ಕೆ ಯಾರೇ ಕರೆ ಮಾಡಲಿ, ಎತ್ತಿಕೊಂಡಾಕೆ ನೆಗಡಿಯಲ್ಲಿರಲಿ, ಸಿಟ್ಟಿನಲ್ಲಿರಲಿ, ಆಚೆ ಕೇಳುತ್ತಿದ್ದದ್ದು ಅದೇ ಸಮಾಧಾನದ ಹೆಣ್ಣುದನಿ. ಎರಡನೆಯದು ಶಿಕ್ಷೆ. ಕೆಲಸದಲ್ಲಿ ತಪ್ಪು ಮಾಡಿ ಇನ್ನೊಬ್ಬರ ಜೀವ ಕಳೆದವರನ್ನು ಜೈಲಿನಲ್ಲಿಟ್ಟು ಅನ್ನ ಹಾಕುವ ಬದಲು ಅವರ ದನಿಯನ್ನು ಜರಡಿಯಲ್ಲೇ ತಡೆಯುವುದು. ಅಂಥವರು ಎದುರಿಗೆ ನಿಂತು ಮಾತಾಡಬಹುದು, ಬೇಕಾದರೆ ಹಾಡಬಹುದು. ಆದರೆ ಯಾವ ಫೋನೂ ಅವರ ಮಾತನ್ನು ಒಯ್ಯುವುದಿಲ್ಲ, ಯಾವ ಯಂತ್ರವೂ ಅವರಿಗೆ ಓಗೊಡುವುದಿಲ್ಲ. ಜನ ಇದನ್ನು ದನಿ ಕಟ್ಟುವುದು ಎಂದು ಕರೆದರು.

ಇಂದುಮತಿ ಹಂಚಿನಮನಿ ಆ ಕೇಂದ್ರದ ಮೇಲಿನ ಮಹಡಿಯ ದಾಖಲೆ ಕೋಣೆಯಲ್ಲಿ ಕಡತ ಓದುವವಳು. ಎಲ್ಲರ ದನಿಯೂ ಒಂದೇ ಆದಮೇಲೆ, ಯಾವ ಮಾತು ಯಾರಾಡಿದ್ದು ಎಂದು ಕಿವಿಯಿಂದ ಕೇಳಿ ಹೇಳುವಂತಿರಲಿಲ್ಲ. ಸೋಸುವುದಕ್ಕೆ ಮುಂಚಿನ ದನಿ ಉಳಿಸಿದರೆ ಜಾಗ ದಂಡ ಎಂದು ಯಾರೋ ದೊಡ್ಡವರು ತೀರ್ಮಾನಿಸಿದ್ದರು. ಉಳಿದ ದಾರಿ ಕಡತದ ಹೆಸರೊಂದೇ. ಪ್ರತಿ ಕರೆಗೂ ಒಂದು ಕಡತ. ಅದರ ಹೆಸರೆಂದರೆ ಉದ್ದಾನುದ್ದ ಅಂಕಿಗಳ ಸಾಲು. ಕರೆ ಒಳಬಂದದ್ದೋ ಹೊರಹೋದದ್ದೋ, ಕರೆದವರ ನಂಬರು, ಎತ್ತಿಕೊಂಡ ಕುರ್ಚಿಯ ನಂಬರು, ಎತ್ತಿದ ದಿನ ಮತ್ತು ವೇಳೆ ಎಲ್ಲ ಅದರಲ್ಲೇ. ಇದಲ್ಲದೆ ಕಡತದ ಬೆನ್ನಿಗೆ ಇನ್ನೊಂದು ವೇಳೆಯ ಮುದ್ರೆ ಇರುತ್ತದೆ. ಅದು ಕರೆ ಕಡಿದು ಕಡತ ಮುಚ್ಚಿದ ಹೊತ್ತು. ಹೆಸರಿನೊಳಗಿನದು ಹುಟ್ಟಿದ ಗಳಿಗೆ, ಬೆನ್ನ ಮೇಲಿನದು ಸತ್ತ ಗಳಿಗೆ ಎಂದು ಇಂದುಮತಿ ಹೊಸಬರಿಗೆ ಹೇಳಿಕೊಡುತ್ತಿದ್ದಳು. ತನ್ನ ಓದಿನ ಮೇಲೆ ಅವಳಿಗೆ ಎಲ್ಲಿಲ್ಲದ ಹೆಮ್ಮೆ. ಮೇಲಧಿಕಾರಿ ಗುಂಜಾಳ ಆ ಅಂಕಿಗಳ ಮುಂದೆ ತಬ್ಬಿಬ್ಬಾಗಿ ನಿಲ್ಲುವುದನ್ನು ನೋಡಿ ಅವಳು ಒಳಗೊಳಗೇ ನಗುತ್ತಿದ್ದಳು.

ಕೆಳಗಿನ ಸಭಾಂಗಣದಲ್ಲಿ ಅವಳ ಮಗಳು ಪಲ್ಲವಿಯೂ ಕರೆ ಎತ್ತುವ ಕೆಲಸದಲ್ಲಿದ್ದಳು, ನಲವತ್ತೆರಡನೇ ಕುರ್ಚಿ. ಪಕ್ಕದ ನಲವತ್ತೊಂದು ರೇಷ್ಮಾ ನದಾಫಳದು. ಇಬ್ಬರೂ ಒಂದೇ ತಾಟಿನಲ್ಲಿ ಉಣ್ಣುವಷ್ಟು ಗೆಳತಿಯರು.

ಆ ಸಭಾಂಗಣದ ಹೆಂಗಸರಲ್ಲಿ ಒಂದು ಪದ್ಧತಿ ಇತ್ತು. ಕುರ್ಚಿ ಬಿಟ್ಟೆದ್ದು ಕರೆ ತಪ್ಪಿದರೆ ಹಾಜರಿ ಕಡಿಯುತ್ತದೆ. ಹಾಗಾಗಿ ಯಾರಿಗಾದರೂ ತುರ್ತು ಬಂದರೆ ತನ್ನ ಕಿವಿಯಲ್ಲಿನ ಕುರ್ಚಿಯ ಮಣಿ ತೆಗೆದು ಪಕ್ಕದವಳ ಕೈಗೆ ಕೊಟ್ಟು ಹೋಗುವಳು. ಪಕ್ಕದವಳು ಒಂದು ಕಿವಿಯಲ್ಲಿ ತನ್ನದು, ಇನ್ನೊಂದು ಕಿವಿಯಲ್ಲಿ ಗೆಳತಿಯದು ಇಟ್ಟುಕೊಂಡು ಎರಡೂ ಕರೆ ನಿಭಾಯಿಸುವಳು. ಆಚೆ ಕೇಳುವ ದನಿ ಒಂದೇ ಆದ್ದರಿಂದ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇದಕ್ಕೆ ಅವರು ಕುರ್ಚಿ ಕಾಯುವುದು ಅನ್ನುತ್ತಿದ್ದರು. ಕಾದವರ ಹೆಸರನ್ನು ಏನೇ ಆದರೂ ಹೇಳಕೂಡದು ಎಂಬುದು ಅವರವರೇ ಮಾಡಿಕೊಂಡ ಕಟ್ಟು.

ಒಂದು ಮಧ್ಯಾಹ್ನ ನವಲಗುಂದದ ಕಡೆಯಿಂದ ಒಬ್ಬ ತಾಯಿ ಕರೆ ಮಾಡಿದಳು. ಅವಳ ಕೂಸು ಬಚ್ಚಲು ತೊಳೆಯುವ ಆ್ಯಸಿಡ್ ಕುಡಿದಿತ್ತು. ಸಮಾಧಾನದ ದನಿ ಅವಳಿಗೆ, ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿ ಎಂದಿತು. ಆ್ಯಸಿಡ್ ಕುಡಿದವರಿಗೆ ವಾಂತಿ ಮಾಡಿಸಬಾರದು. ಇಳಿಯುವಾಗ ಸುಟ್ಟದ್ದು ಏರುವಾಗ ಮತ್ತೆ ಸುಡುತ್ತದೆ. ಕೂಸು ಆಸ್ಪತ್ರೆಯಲ್ಲಿ ಸತ್ತಿತು. ಕಡತದ ಹೆಸರಿನಲ್ಲಿ ನಲವತ್ತೊಂದನೇ ಕುರ್ಚಿ ಇತ್ತು. ರೇಷ್ಮಾಳನ್ನು ಕೇಳಿದರೆ, "ಹೌದ್ರಿ, ನಾನಽ ಕುಂತಿದ್ದೆ" ಎಂದಷ್ಟೇ ಹೇಳಿ ತಲೆ ತಗ್ಗಿಸಿದಳು. ವಿಚಾರಣೆ ಮುಗಿಸಿ ಅವಳ ದನಿ ಕಟ್ಟುವುದೊಂದು ಬಾಕಿ ಇತ್ತು.

ಇಂದುಮತಿಗೆ ಮಾತ್ರ ಎಲ್ಲೋ ಸರಿಬರಲಿಲ್ಲ. ರೇಷ್ಮಾ ಐದು ವರ್ಷದಿಂದ ಬಲ್ಲ ಹುಡುಗಿ, ಅಂಥ ತಪ್ಪು ಮಾಡುವವಳಲ್ಲ. ಆ ದಿನದ ಕಡತಗಳನ್ನೆಲ್ಲ ಕೆದಕಿದಳು. ಕೆಳಗೆ ಪ್ರವೇಶದ ಹಜಾರದಲ್ಲಿ ಒಂದು ಹಳೆಯ ಗೋಡೆ ಫೋನು ಇತ್ತು. ಸಿಬ್ಬಂದಿ ತಮ್ಮ ಸ್ವಂತ ಮಣಿಗಳನ್ನು ಬಾಗಿಲಲ್ಲೇ ಒಪ್ಪಿಸಿ ಬರಬೇಕಾದ್ದರಿಂದ, ಮನೆಗೆ ಮಾತಾಡುವವರು ಅದನ್ನೇ ಹಿಡಿಯಬೇಕು. ಅದರಿಂದ ರೇಷ್ಮಾಳ ಮನೆಯ ನಂಬರಿಗೆ ಅಂದು ಒಂದು ಕರೆ ಹೋಗಿತ್ತು, ಆದರೆ ಹೆಸರಿನಲ್ಲಿದ್ದದ್ದು ಬೆಳಗಿನ ವೇಳೆ. ರೇಷ್ಮಾಳ ಪಾಳಿ ಶುರುವಾಗುವುದೇ ಮಧ್ಯಾಹ್ನ. ಅದಕ್ಕೇ ಯಾರೂ ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಇಂದುಮತಿ ಆ ಹಳೇ ಯಂತ್ರದ ಬೇರೆ ಕಡತಗಳನ್ನು ತೆಗೆದು ನೋಡಿದಳು. ಹಜಾರದ ಬಾಗಿಲಿಗೆ ಬೀಗ ಹಾಕಿರುವ ನಸುಕಿನ ಹೊತ್ತಿನಲ್ಲೂ ಅಲ್ಲಿಂದ ಕರೆಗಳು ಹೋಗಿದ್ದವು. ಮಧ್ಯಾಹ್ನದ ಗದ್ದಲದ ಹೊತ್ತಿನಲ್ಲಿ ಒಂದೂ ಇರಲಿಲ್ಲ. ಅವಳಿಗೆ ನಗು ಬಂತು. ಆ ಯಂತ್ರಕ್ಕೆ ನಮ್ಮ ಗಡಿಯಾರವನ್ನು ಯಾರೂ ಕಲಿಸಿರಲೇ ಇಲ್ಲ. ಅದು ಇವತ್ತಿಗೂ ಗ್ರೀನಿಚ್ ವೇಳೆಯನ್ನೇ ಬರೆಯುತ್ತಿತ್ತು. ಐದೂವರೆ ತಾಸು ಕೂಡಿಸಿದಳು. ಕೂಸಿನ ತಾಯಿ ಕರೆ ಮಾಡಿದ ಹೊತ್ತಿನಲ್ಲಿ ರೇಷ್ಮಾ ಕೆಳಗೆ ಹಜಾರದಲ್ಲಿ ನಿಂತು ಅತ್ತೆಯ ಹತ್ತಿರ, "ಕೂಸಿಗೆ ಜ್ವರ ಇಳೀತೇನ್ರಿ? ಹಾಲು ಕುಡೀತೇನು?" ಎಂದು ಕೇಳುತ್ತಿದ್ದಳು. ಹಳೇ ಫೋನು ಅವಳ ದನಿಯನ್ನು ಒಂದೇ ದನಿಯಾಗಿ ಮಾಡಿರಲಿಲ್ಲ. ಇಂದುಮತಿ ತಡಮಾಡದೆ ಗುಂಜಾಳನ ಕೋಣೆಗೆ ಹೋಗಿ, ಹೊಸದೊಂದು ಸಂಗತಿ ಸಿಕ್ಕಿದೆ, ನಾಳೆ ವಿಚಾರಣೆಯ ಸಮಿತಿಯ ಮುಂದೆ ಹೇಳುತ್ತೇನೆ ಎಂದು ಹೇಳಿಯೇ ಮನೆಗೆ ಹೊರಟಳು.

ಮನೆಯಲ್ಲಿ ಪಲ್ಲವಿ ರೊಟ್ಟಿ ಬಡಿಯುತ್ತಿದ್ದಳು. ಇಂದುಮತಿ ಚಪ್ಪಲಿ ಬಿಡುತ್ತಲೇ ಶುರು ಮಾಡಿದಳು.

"ಏ ಪಲ್ಲೂ, ಸಿಕ್ತು ನೋಡ! ರೇಷ್ಮಾ ಕುರ್ಚಿ ಮ್ಯಾಲೆ ಇರಲೇ ಇಲ್ಲ. ಕೆಳಗ ನಿಂತು ಮನೀಗೆ ಫೋನ್ ಮಾಡಾಕತ್ತಿದ್ಲು. ಇಷ್ಟು ಮಂದಿ ಓದಿದ್ರು, ಒಬ್ಬರಿಗೂ ಕಾಣಲಿಲ್ಲ."

ಪಲ್ಲವಿಯ ಕೈ ನಿಂತಿತು. "ಯಾರಿಗರ ಹೇಳೀಯೇನವಾ?"

"ಗುಂಜಾಳಗ ಹೇಳೇನಿ. ನಾಳೆ ಎಲ್ಲಾರ ಮುಂದ ಓದಿ ತೋರಸ್ತೇನಿ."

"ಬ್ಯಾಡವ್ವಾ. ಓದಬ್ಯಾಡ."

"ಯಾಕ?"

"ಆಕೀ ಕುರ್ಚಿ ಕಾದಾಕಿ ನಾನಽ."

ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಎದ್ದಿತು. ಪಲ್ಲವಿ ಒಂದೊಂದೇ ಹೇಳಿದಳು. ಎರಡು ಕಿವಿಯಲ್ಲಿ ಎರಡು ಕರೆ. ಬಲಗಡೆಯಲ್ಲಿ ಕೂಸಿನ ತಾಯಿ, ಎಡಗಡೆಯಲ್ಲಿ ಯಾರೋ ಮುದುಕ ಮಾತ್ರೆ ಹೆಚ್ಚು ನುಂಗಿದ್ದಾನೆ ಎನ್ನುವ ಸೊಸೆ. ಮುದುಕನಿಗೆ ಹೇಳಬೇಕಾದ್ದು ಕೂಸಿಗೆ ಹೋಯಿತು, ಕೂಸಿಗೆ ಹೇಳಬೇಕಾದ್ದು ಮುದುಕನಿಗೆ. ಮುದುಕ ಹೇಗೋ ಬದುಕಿಕೊಂಡ.

ಇಂದುಮತಿ ಮಗಳ ಕೆನ್ನೆಗೆ ಬಾರಿಸಿದಳು. "ರೇಷ್ಮಾನ ದನಿ ಹೋಗಾಕತ್ತೇತಿ, ನೀ ಸುಮ್ಮನ ಕುಂತೀಯಲ್ಲ! ಮಲಿ ಕುಡಿಯೂ ಕೂಸೈತಿ ಆಕೀಗೆ!"

"ಹೆದರಿಕಿ ಆಗೇತಿ ಅವ್ವಾ" ಎಂದು ಪಲ್ಲವಿ ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡಳು. "ಆಕಿ ನನ್ನ ಹೆಸರ ಹೇಳೂದಿಲ್ಲ. ದಿನಾ ಬಂದು ಬಾಜೂಕ ಕೂಡತಾಳ, ಒಂದ ಮಾತು ಆಡೂದಿಲ್ಲ. ಅದನ್ನ ತಡ್ಕೊಳ್ಳಾಕ ಆಗವಲ್ತು."

ಹೊಡೆದ ಕೈಯಲ್ಲೇ ಇಂದುಮತಿ ಮಗಳನ್ನು ತಬ್ಬಿಕೊಂಡಳು. ಆಮೇಲೆ ಅವಳ ತಲೆ ಓಡತೊಡಗಿತು. ರೇಷ್ಮಾ ಅಲ್ಲಿರಲಿಲ್ಲ ಎಂಬಲ್ಲಿಗೆ ಓದಿ ನಿಲ್ಲಿಸಿಬಿಟ್ಟರೆ? ಯಾರಿದ್ದರು ಎಂದು ಕೇಳಿದರೆ ಕಡತದಲ್ಲಿ ಇಲ್ಲ ಎಂದರಾಯಿತು. ಮುಂದಿನದನ್ನು ಓದಬಲ್ಲವರು ಆ ಕಟ್ಟಡದಲ್ಲಿ ತನ್ನನ್ನು ಬಿಟ್ಟರೆ ಯಾರಿದ್ದಾರೆ? ಇಬ್ಬರು ಹುಡುಗಿಯರನ್ನೂ ಉಳಿಸುತ್ತೇನೆ ಎಂದು ಅವಳು ಗಟ್ಟಿಯಾಗಿ ನಂಬಿದಳು.

ಮರುದಿನ ಸಮಿತಿಯ ಕೋಣೆಯಲ್ಲಿ ಸತ್ತ ಕೂಸಿನ ತಾಯಿಯೂ ಕೂತಿದ್ದಳು. ನಲವತ್ತೊಂದರ ಸಾಲಿನ ಹೆಂಗಸರನ್ನೆಲ್ಲ ಗೋಡೆಗುಂಟ ನಿಲ್ಲಿಸಿದ್ದರು. ಇಂದುಮತಿ ಗೋಡೆಯ ಮೇಲೆ ಕಡತಗಳ ಹೆಸರು ಮೂಡಿಸಿ, ಅಂಕಿ ಅಂಕಿ ಬಿಡಿಸಿ, ಹಳೇ ಯಂತ್ರದ ವೇಳೆಗೆ ಐದೂವರೆ ತಾಸು ಕೂಡಿಸಿ, ಒಂದರ ಪಕ್ಕ ಒಂದಿಟ್ಟು ತೋರಿಸಿದಳು. ಎಂದೂ ಅಷ್ಟು ಚೆನ್ನಾಗಿ ಓದಿರಲಿಲ್ಲ. ಗುಂಜಾಳ ಬಾಯಿ ತೆರೆದುಕೊಂಡು ಕೇಳಿದ.

"ಭೇಷ್ ಬಾಯಾರ. ಮತ್ತ ಕುರ್ಚಿ ಮ್ಯಾಲೆ ಯಾರಿದ್ರು?"

"ಅಷ್ಟು ಕಡತ ಹೇಳೂದಿಲ್ಲ ಸರ್."

ಕೂಸಿನ ತಾಯಿ ಎದ್ದು ನಿಂತಳು. "ಯಾರದರ ಆಗ್ಲಿ ರೀ, ಒಬ್ಬರದು ತಗೀರಿ. ನನ್ನ ಕೂಸು ಬಾಯಿ ತಗದು ಅಳಾಕೂ ಆಗದ ಸತ್ತೇತಿ. ಯಾರೂ ಇರಲಿಲ್ಲ ಅಂತ ಹೇಳಿ ಕಳಸಬ್ಯಾಡ್ರಿ ನನಗ."

ಗುಂಜಾಳ ಗೋಡೆಯ ಮೇಲಿನ ಸಾಲುಗಳನ್ನೇ ನೋಡುತ್ತ ಕೂತ. ಅವನ ತುಟಿ ಅಲುಗುತ್ತಿತ್ತು, ಮಗ್ಗಿ ಒಪ್ಪಿಸುವ ಶಾಲೆಯ ಪೋರನ ಹಾಗೆ. ಆಮೇಲೆ ಎದ್ದು ಬಂದು ತಾನೇ ಅಂಕಿಗಳಿಗೆ ಬೆರಳಿಟ್ಟ.

"ಹುಟ್ಟಿದ ಗಳಿಗಿ ಪ್ರಕಾರ ಬಾಜೂಕ ಬಾಜೂಕ ಇಡಬೇಕು, ಹೌದಲ್ರಿ? ಇಡ್ರಿ ಹಂಗಾದ್ರ. ಆ ಹೊತ್ತಿನ ಅಷ್ಟೂ ಕುರ್ಚೀದು ಇಡ್ರಿ. ಎರಡೆರಡ ಕೂಡಿಸಿ ಕೇಳೂಣು. ಒಬ್ಬಾಕೀನಽ ಎರಡೂ ಕಡೆ ಮಾತಾಡಿದ್ರ, ಒಂದರಾಗ ಮಾತಿದ್ದಾಗ ಇನ್ನೊಂದರಾಗ ಸುಮ್ಮನಿರಬೇಕಲ್ಲ?"

ಇದನ್ನು ಇಂದುಮತಿಯೇ ಬಿಡಿಸಿ ಬಿಡಿಸಿ ಕಲಿಸಿಕೊಟ್ಟಿದ್ದಳು. ಕಡತಗಳಿಗೆ ಮೊಹರು ಬಿದ್ದಿತ್ತು, ಅಳಿಸುವಂತಿರಲಿಲ್ಲ, ತಿದ್ದುವಂತಿರಲಿಲ್ಲ. ನಲವತ್ತೊಂದರ ಜೊತೆ ನಲವತ್ತನ್ನು ಕೂಡಿಸಿ ಕೇಳಿದರು. ಎರಡರಲ್ಲೂ ಸಮಾಧಾನದ ದನಿ ಒಂದರ ಮೇಲೊಂದು ಬಿದ್ದು ಕಲಸಿಹೋಯಿತು. ನಲವತ್ತೆರಡನ್ನು ಕೂಡಿಸಿದರು. ಈ ಸಲ ಎಲ್ಲೂ ಕಲಸಲಿಲ್ಲ. ಇಲ್ಲಿ ನಿಂತ ಮೇಲೆ ಅಲ್ಲಿ, ಅಲ್ಲಿ ನಿಂತ ಮೇಲೆ ಇಲ್ಲಿ. ಒಂದು ಬಾಯಿ ಇಬ್ಬರು ಹೆಂಗಸರಿಗೆ ಸರದಿಯ ಮೇಲೆ ಉತ್ತರ ಕೊಡುತ್ತಿತ್ತು, ಮತ್ತು ಉತ್ತರಗಳು ಅದಲುಬದಲಾಗಿದ್ದವು.

"ನಲವತ್ತೆರಡು ಯಾರು?" ಎಂದು ಗುಂಜಾಳ ಕೇಳಿದ. ಪಲ್ಲವಿಯೇ ಗೋಡೆಯಿಂದ ಒಂದು ಹೆಜ್ಜೆ ಮುಂದೆ ಬಂದಳು.

ಅಂದೇ ಅವಳನ್ನು ಗಾಜಿನ ಕೋಣೆಯಲ್ಲಿ ಕೂರಿಸಿದರು. ತನ್ನ ಹೆಸರು, ತಾಯಿಯ ಹೆಸರು, ಊರಿನ ಹೆಸರನ್ನು ಜರಡಿಗೆ ತೃಪ್ತಿಯಾಗುವವರೆಗೆ ಹೇಳುತ್ತಿರಬೇಕು. "ನಾನು ಪಲ್ಲವಿ, ಇಂದುಮತಿಯ ಮಗಳು, ಹುಬ್ಬಳ್ಳಿಯವಳು" ಎಂದು ಅವಳು ಹೇಳುತ್ತ ಹೋದಳು. ಹೊರಗಿನ ಸ್ಪೀಕರಿನಲ್ಲಿ ಮೊದಮೊದಲು ದನಿ ಕೇಳಿಸಿತು, ಆಮೇಲೆ ತುಟಿ ಅಲುಗುವುದಷ್ಟೇ ಕಂಡಿತು. ಕುರ್ಚಿ ಬಿಟ್ಟೆದ್ದ ತಪ್ಪಿಗೆ ರೇಷ್ಮಾಳಿಗೆ ಎಚ್ಚರಿಕೆ ಕೊಟ್ಟರು: ಇನ್ನೊಂದೇ ಒಂದು ನಿಯಮ ಮುರಿದರೆ ಅವಳದ್ದೂ ಹೋಗುತ್ತದೆ. ಸುಳ್ಳು ಹೇಳಿದ ಇಂದುಮತಿಯನ್ನು ಮಾತ್ರ ಬೈದು ಬಿಟ್ಟುಬಿಟ್ಟರು. ಅಂಥ ಓದುವವಳು ಇನ್ನೊಬ್ಬಳು ಸಿಗುವುದಿಲ್ಲವಲ್ಲ.

ಆಮೇಲೆ ಸಭಾಂಗಣದಲ್ಲಿ ಯಾರೂ ಯಾರ ಕುರ್ಚಿಯನ್ನೂ ಕಾಯಲಿಲ್ಲ. ಪಕ್ಕದವಳ ಕಡೆ ತಿರುಗಿ ನೋಡುವುದನ್ನೂ ಬಿಟ್ಟರು. ಒಬ್ಬಾಕೆ ಎದ್ದು ಹೋಗಲು ಹೆದರಿ ಕೂತಲ್ಲೇ ಬಟ್ಟೆ ಒದ್ದೆ ಮಾಡಿಕೊಂಡಳು. ಅವಳೂ ಅದೇ ಸಮಾಧಾನದ ದನಿಯಲ್ಲಿ ಕರೆ ಮುಗಿಸಿದಳು.

ಪಲ್ಲವಿ ಮನೆ ಹಿಡಿದಳು. ಬಸ್ಸಿನ ಬಾಗಿಲು ಅವಳಿಗೆ ತೆರೆಯುತ್ತಿರಲಿಲ್ಲ. ಅಂಗಡಿಯವನು ಹೆಸರು ಹೇಳಿ ಎನ್ನುವನು, ಇವಳು ಹೇಳುವಳು, ಯಂತ್ರ ಕಲ್ಲಿನ ಹಾಗೆ ಕೂತಿರುವುದು, ಹಿಂದೆ ನಿಂತವರು ಅರ್ಥವಾಗಿ ಎರಡು ಹೆಜ್ಜೆ ಸರಿಯುವರು. ಸಂಜೆ ತಾಯಿ ಬಂದಳೆಂದರೆ ಪಲ್ಲವಿ ಮೊದಲಿಗೆ ಎಡೆಬಿಡದೆ ಮಾತಾಡುತ್ತಿದ್ದಳು. ದಿನ ಕಳೆದಂತೆ ಅದೂ ಕಡಿಮೆಯಾಯಿತು. "ಯಾಕವಾ ಪಲ್ಲೂ, ಸುಮ್ಮನಾದಿ?" ಎಂದರೆ, "ರೂಢಿ ಮಾಡ್ಕೊಳ್ಳಾಕತ್ತೇನಿ" ಎನ್ನುವಳು. ಬೆಳಗಾದರೆ ಇಂದುಮತಿ ಮತ್ತೆ ಅದೇ ಕೇಂದ್ರಕ್ಕೆ ಹೋಗುತ್ತಿದ್ದಳು. ಮನೆಯಲ್ಲಿ ಯಂತ್ರಗಳು ಕೇಳುವ ದನಿ ಅವಳದೊಂದೇ ಉಳಿದಿತ್ತು.

ಒಂದು ಸಂಜೆ ಬಂದು ನೋಡಿದರೆ ಪಲ್ಲವಿ ಬಚ್ಚಲಿನಲ್ಲಿ ಬಿದ್ದಿದ್ದಳು. ಜಾರಿ ಬಿದ್ದು ತೊಡೆಯ ಎಲುಬು ಮುರಿದಿತ್ತು, ತಲೆಯ ಹಿಂಭಾಗ ಕಟ್ಟೆಯ ಅಂಚಿಗೆ ಬಡಿದಿತ್ತು. ನೆತ್ತರು ಮೋರಿಯತನಕ ಹರಿದು ಒಣಗಿತ್ತು. ಕೈಯಲ್ಲಿ ತಾಮ್ರದ ತಂಬಿಗೆ, ಅದರ ಅಂಚು ನೆಗ್ಗಿಹೋಗಿತ್ತು. ಅಕ್ಕಪಕ್ಕದ ಮನೆಗಳವರೆಲ್ಲ ಹಗಲು ದುಡಿಯಲು ಹೋಗುವವರು. ಬಹಳ ಹೊತ್ತು ಜೀವ ಇತ್ತು, ಬೇಗ ತಂದಿದ್ದರೆ ಉಳಿಯುತ್ತಿದ್ದಳು ಎಂದು ಡಾಕ್ಟರು ಹೇಳಿದರು.

ಮಣ್ಣು ಮಾಡಿ ಬಂದು, ಕೆಲವು ದಿನ ಗೋಡೆ ನೋಡುತ್ತ ಕೂತು, ಇಂದುಮತಿ ಮತ್ತೆ ಕೆಲಸಕ್ಕೆ ಹೋದಳು. ಸಾವಿನ ಸಂಬಂಧದ ಕರೆಗಳನ್ನು ದಾಖಲೆ ಕೋಣೆ ಓದಿ ಷರಾ ಬರೆಯಬೇಕೆಂಬುದು ನಿಯಮ. ಪಲ್ಲವಿಯ ನಂಬರಿನಿಂದ ಆ ದಿನ ನಾಲ್ಕು ಕರೆ ಬಂದಿದ್ದವು. ಮಣಿಯನ್ನು ಒತ್ತಿ ಹಿಡಿದರೆ, ಹೆಸರು ಹೇಳದಿದ್ದರೂ, ಅದು ತುರ್ತು ಕೇಂದ್ರಕ್ಕೆ ಹೋಗುತ್ತದೆ. ಅದೊಂದು ಕಿಂಡಿ ಮುಚ್ಚಲು ಕಾನೂನು ಮರೆತಿತ್ತು. "ಇವನ್ನ ಬ್ಯಾರೇದವರಿಗೆ ಕೊಡತೇನಿ ಬಾಯಾರ" ಎಂದ ಗುಂಜಾಳ. 

"ನನ್ನ ಮಗಳ ಕಡತ ಇನ್ನೊಬ್ಬರು ಓದೂದು ಬ್ಯಾಡ್ರಿ" ಎಂದಳು ಇಂದುಮತಿ.

ಕೇಂದ್ರದ ನಿಯಮ ಸರಳ. ದನಿ ಕಟ್ಟಿಸಿಕೊಂಡವರು ಸಿಟ್ಟಿಗೆ ಕರೆ ಮಾಡಿ ಲೈನು ತುಂಬಿಸುತ್ತಾರೆಂದು, ಮಾತಿಲ್ಲದ ಕರೆಯನ್ನು ಖಾಲಿ ಕರೆ ಎಂದು ತಿಳಿದು ಮೂರು ಹಲೋ ಆದ ತಕ್ಷಣ ಕಡಿಯಬೇಕು. ಅಂಥ ಕರೆಗೆ ಆಸ್ಪತ್ರೆಯ ಗಾಡಿ ಕಳಿಸಿದರೆ ತಪ್ಪು, ಸುಮ್ಮನೆ ಹಿಡಿದುಕೊಂಡು ಕೂತರೂ ತಪ್ಪು.

ಇಂದುಮತಿ ಮೊದಲನೆಯದನ್ನು ಕೇಳಿದಳು. "ಹಲೋ, ಮಾತಾಡಿ, ನಿಮ್ಮ ದನಿ ಕೇಳಿಸುತ್ತಿಲ್ಲ" ಎಂದಿತು ಸಮಾಧಾನದ ದನಿ. ಆ ಕಡೆಯಿಂದ ಮಾತಿರಲಿಲ್ಲ. ಆದರೆ ಜರಡಿ ತಡೆಯುವುದು ಮನುಷ್ಯನ ದನಿಯನ್ನಷ್ಟೇ. ತಂಬಿಗೆಯಿಂದ ನೆಲ ಬಡಿಯುವ ಸದ್ದು ಸ್ವಚ್ಛವಾಗಿ ಕೇಳುತ್ತಿತ್ತು. ಟಣ್ ಟಣ್ ಟಣ್. ಮೂರು ಹಲೋ, ಕರೆ ಕಡಿಯಿತು. ಮೂರನೆಯ ಕಡತದಲ್ಲಿ ಬಡಿತ ಮೆತ್ತಗಾಗಿತ್ತು. ನಾಲ್ಕನೆಯದರಲ್ಲಿ ಸಮಾಧಾನದ ದನಿಯೊಂದೇ ಇತ್ತು.

ನಡುವಿನ ಎರಡನೆಯ ಕಡತದ ಹೆಸರಿನಲ್ಲಿ ನಲವತ್ತೊಂದನೇ ಕುರ್ಚಿ ಇತ್ತು. ಹುಟ್ಟಿದ ಗಳಿಗೆ ನೋಡಿದಳು, ಬೆನ್ನಿನ ಗಳಿಗೆ ನೋಡಿದಳು. ಮೂರು ಹಲೋಗೆ ಹಿಡಿಯುವ ಹೊತ್ತಿಗಿಂತ ಅದು ಉದ್ದ ಇತ್ತು. ಮತ್ತೆ ಕೇಳಿದಳು. ಮೂರನೇ ಹಲೋ ಆದಮೇಲೆ ಕರೆ ಕಡಿದಿರಲಿಲ್ಲ. ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ಬರೀ ಬಡಿತ ಇತ್ತು, ಈ ಕಡೆ ಯಾರೋ ಸುಮ್ಮನೆ ಕೇಳುತ್ತಿದ್ದರು. ಆಮೇಲೆ ಕಡಿದಿತ್ತು.

ಪಾಳಿ ಮುಗಿಸಿ ಬಂದ ರೇಷ್ಮಾಳನ್ನು ಇಂದುಮತಿ ಮೆಟ್ಟಿಲ ಹತ್ತಿರ ತಡೆದಳು. ರೇಷ್ಮಾ ಏನನ್ನೂ ಮುಚ್ಚಿಡಲಿಲ್ಲ.

"ನಂಬರ್ ನೋಡಿದ ಕೂಡಲೇ ಗುರುತು ಸಿಕ್ತು ಅಕ್ಕಾರ. ಬಡಿಯೂದೂ ಕೇಳಿಸ್ತು. ಪಲ್ಲೂಗ ಏನೋ ಆಗೇತಿ ಅಂತ ಗೊತ್ತಾತು. ಗಾಡಿ ಕಳಸಬೇಕಂತ ಬಾಯಿತನಕಾ ಬಂತು. ಕಳಿಸಿದ್ರ ನನ್ನ ದನಿ ಹೋಗತಿತ್ತು. ನನ್ನ ಕೂಸು ಈಗರೆ ಅಮ್ಮೀ ಅನ್ನಾಕ ಕಲ್ತೇತಿ." ಅವಳು ಕಂಬಿ ಹಿಡಿದು ಕೂತುಬಿಟ್ಟಳು. "ಮೊದಲಿನಂಗ ಇದ್ದಿದ್ರ ಬಾಜೂದಾಕೀಗೆ ಮಣಿ ಕೊಟ್ಟು ನಾನಽ ಮ್ಯಾಲೆ ನಿಮ್ಮ ಕಡೆ ಓಡಿ ಬರತಿದ್ದೆ. ಈಗ ಯಾರ ಕೈಯಾಗ ಕೊಡ್ಲಿ? ಕಡೀಲಿಕ್ಕೂ ಆಗಲಿಲ್ಲ, ಕಳಸಲಿಕ್ಕೂ ಆಗಲಿಲ್ಲ. ಕೇಳಿಕೋಂತ ಕುಂತೆ."

ರೇಷ್ಮಾ ಇಂದುಮತಿಯ ಸೆರಗು ಹಿಡಿದಳು.

"ಅದನ್ನ ಬರೀಬ್ಯಾಡ್ರಿ ಅಕ್ಕಾರ. ಹಿಡಕೊಂಡು ಕುಂತಿದ್ಲು ಅಂತ ಬರೀಬ್ಯಾಡ್ರಿ. ನಿಮ್ಮ ಕಾಲು ಬೀಳತೇನಿ."

ಇಂದುಮತಿ ಸೆರಗು ಬಿಡಿಸಿಕೊಂಡು ಮೇಲೆ ಹೋದಳು. ಉಳಿದ ಮೂರು ಕುರ್ಚಿಯವರು ಆ ಬಡಿತಕ್ಕೆ ಕಿವಿಯನ್ನೇ ಕೊಟ್ಟಿರಲಿಲ್ಲ, ಹೇಳಿದಂತೆ ಕಡಿದು ಮುಂದಿನ ಕರೆ ಎತ್ತಿದ್ದರು. ಅವರ ಮೇಲೆ ಅವಳಿಗೆ ಸಿಟ್ಟೇ ಬರಲಿಲ್ಲ. ತನ್ನ ಮಗಳೆಂದು ಗೊತ್ತಿದ್ದೂ ಕೇಳುತ್ತ ಕೂತವಳ ಮೇಲೆ ಮಾತ್ರ ಮೈಯೆಲ್ಲ ಉರಿಯುವಂಥ ಸಿಟ್ಟು ಬಂತು. ನಾಲ್ವರಲ್ಲಿ ಒಂದಿಷ್ಟಾದರೂ ಕರುಳು ಚುರ್ರೆಂದದ್ದು ರೇಷ್ಮಾಳಿಗೊಬ್ಬಳಿಗೇ ಎಂದೂ, ತಾನು ಮಾಡಹೊರಟದ್ದು ನ್ಯಾಯವಲ್ಲ ಎಂದೂ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಕೈ ನಿಲ್ಲಲಿಲ್ಲ. ಮೂರು ಕಡತಗಳ ಮುಂದೆ 'ಖಾಲಿ ಕರೆ, ನಿಯಮದಂತೆ ಕಡಿಯಲಾಗಿದೆ' ಎಂದು ಬರೆದಳು. ನಲವತ್ತೊಂದರ ಮುಂದೆ, 'ಖಾಲಿ ಕರೆಯನ್ನು ನಿಯಮ ಮೀರಿ ಹಿಡಿದಿಡಲಾಗಿದೆ' ಎಂದು ಬರೆದು, ಎರಡೂ ಗಳಿಗೆ ನಮೂದಿಸಿ ಸಹಿ ಹಾಕಿದಳು.

ಗುಂಜಾಳ ಷರಾ ಓದಿದ. ಅಂಕಿಗಳ ಮೇಲೆ ತಾನೂ ಒಮ್ಮೆ ಬೆರಳಾಡಿಸಿ ತಾಳೆ ನೋಡಿದ.

"ಭಾಳ ಸೂಕ್ಷ್ಮ ಹಿಡದೀರಿ ಬಾಯಾರ. ಇಂಥಾ ದುಃಖದಾಗೂ ಒಂದು ಅಂಕಿ ತಪ್ಪಿಲ್ಲ" ಎಂದು ಮೆಚ್ಚಿ ಮೊಹರು ಒತ್ತಿದ. ಮೆಟ್ಟಿಲ ಮೇಲೆ ಇನ್ನೂ ಕೂತಿದ್ದ ರೇಷ್ಮಾಳನ್ನು ಕರೆತರಲು ಜವಾನ ಕೆಳಗಿಳಿದು ಹೋದ.